ಫಿಲ್ಮ್ ಕ್ಯಾಮೆರಾದಲ್ಲಿ ಬೇಡದ ಬೆಳಕು: ಬೋಲೆಕ್ಸ್ ಎಚ್16 ರಿಫ್ಲೆಕ್ಸ್ ಇಟ್ಟುಕೊಂಡು ಮೂಲ ಹುಡುಕುವ ಕ್ರಮ

16 ಎಂಎಂ ಫಿಲ್ಮ್‌ನ 100 ಅಡಿಯ ರೀಲು ಸೆಕೆಂಡಿಗೆ 24 ಫ್ರೇಮ್ ವೇಗದಲ್ಲಿ 2 ನಿಮಿಷ 46 ಸೆಕೆಂಡಿಗೆ ಮುಗಿಯುತ್ತದೆ. ಅಷ್ಟು ಚಿಕ್ಕ ಅವಧಿಗಾಗಿ ಕಚ್ಚಾ ಫಿಲ್ಮ್, ಸಂಸ್ಕರಣೆ, ಸ್ಕ್ಯಾನ್ ಎಂದು ದೊಡ್ಡ ಮೊತ್ತ ಖರ್ಚಾಗಿರುತ್ತದೆ. ಲ್ಯಾಬ್‌ನಿಂದ ಬಂದ ದೃಶ್ಯದ ಮೇಲೆ ಕಿತ್ತಳೆ ಬಣ್ಣದ ಪಟ್ಟೆಯೋ ಬಿಳಿಯ ಮಬ್ಬೋ ಕುಳಿತಿದ್ದರೆ ಬಹಳ ಮಂದಿ ತಕ್ಷಣ ಮಾಡುವ ಕೆಲಸ ಒಂದೇ: ಕ್ಯಾಮೆರಾದ ಸಂದುಗಳಿಗೆಲ್ಲ ಕಪ್ಪು ಟೇಪ್ ಸುತ್ತುವುದು. ಇದನ್ನು ನಾನು ಒಪ್ಪುವುದಿಲ್ಲ. ಬೆಳಕು ಐಪೀಸ್‌ನಿಂದ (ಕಣ್ಣಿಟ್ಟು ನೋಡುವ ಕಿಂಡಿ) ಬರುತ್ತಿದ್ದರೆ ಬಾಗಿಲಿಗೆ ಎಷ್ಟು ಟೇಪ್ ಅಂಟಿಸಿದರೂ ಪ್ರಯೋಜನವಿಲ್ಲ. ಬಾಗಿಲಿನಿಂದಲೇ ಬರುತ್ತಿದ್ದರೂ ಟೇಪ್ ಅದನ್ನು ಮುಚ್ಚುತ್ತದೆಯೇ ಹೊರತು ಎಲ್ಲಿಂದ ಬಂತೆಂದು ತಿಳಿಸುವುದಿಲ್ಲ. ಕೆಟ್ಟುಹೋದ ರೀಲು ಕೈಯಲ್ಲಿದೆ. ಬೆಳಕು ಯಾವ ದಾರಿಯಲ್ಲಿ ಬಂತು, ಯಾವಾಗ ಬಂತು, ಎಷ್ಟು ಹೊತ್ತು ನಿಂತಿತು ಎಂಬುದೆಲ್ಲ ಅದರಲ್ಲಿ ದಾಖಲಾಗಿದೆ. ಮೊದಲು ಅದನ್ನು ಓದಬೇಕು, ಆಮೇಲೆ ಕ್ಯಾಮೆರಾ ತೆರೆಯಬೇಕು.

ಇಲ್ಲಿ ಉದಾಹರಣೆಗೆ ಬೋಲೆಕ್ಸ್ ಎಚ್16 ರಿಫ್ಲೆಕ್ಸ್ ಕ್ಯಾಮೆರಾವನ್ನು ತೆಗೆದುಕೊಂಡಿದ್ದೇನೆ. ಸ್ವಿಟ್ಜರ್ಲೆಂಡಿನ ಪೈಯಾರ್ ಕಂಪನಿ ಎಚ್16 ಮಾದರಿಯನ್ನು 1935ರಲ್ಲಿ ಹೊರತಂದಿತು. ಲೆನ್ಸ್ ಮೂಲಕವೇ ನೋಡಬಹುದಾದ ರಿಫ್ಲೆಕ್ಸ್ ಮಾದರಿ ಬಂದದ್ದು 1956ರಲ್ಲಿ. ಇಂದಿಗೂ ಕೈಯಿಂದ ಕೈಗೆ ದಾಟುತ್ತಿರುವ ಗಟ್ಟಿ ಯಂತ್ರ ಇದು. ಲೆನ್ಸ್ ತಿರುಗಣಿ, ಫಿಲ್ಟರ್ ಕಿಂಡಿ, ಪ್ರಿಸಂ, ಐಪೀಸ್, ಬಾಗಿಲು ಎಂದು ಬೆಳಕು ನುಸುಳಬಹುದಾದ ಎಲ್ಲ ಬಗೆಯ ಜಾಗಗಳೂ ಇದರಲ್ಲಿವೆ. ಇದರಲ್ಲಿ ಹುಡುಕಲು ಕಲಿತವರಿಗೆ ಕೆ-3, ಆರಿಫ್ಲೆಕ್ಸ್, ಸೂಪರ್ 8 ಕ್ಯಾಮೆರಾಗಳಲ್ಲಿ ಹುಡುಕುವುದು ಕಷ್ಟವಾಗುವುದಿಲ್ಲ. ಅವುಗಳ ವ್ಯತ್ಯಾಸವನ್ನು ಆಯಾ ಕಡೆ ಹೇಳುತ್ತೇನೆ.

ಹಂತ 1: ಸ್ಕ್ಯಾನ್ ಬದಿಗಿಟ್ಟು ಫಿಲ್ಮ್ ನೋಡಿ

ಸಾಮಾನ್ಯ ಸ್ಕ್ಯಾನ್‌ನಲ್ಲಿ ಚಿತ್ರದ ಚೌಕಟ್ಟು ಮಾತ್ರ ಇರುತ್ತದೆ. ನಮಗೆ ಬೇಕಾದ ಸಾಕ್ಷ್ಯ ಹೆಚ್ಚಾಗಿ ಆ ಚೌಕಟ್ಟಿನ ಹೊರಗೆ, ತೂತುಗಳ ಸಾಲಿನಲ್ಲಿ ಮತ್ತು ಎದುರು ಅಂಚಿನಲ್ಲಿ ಇರುತ್ತದೆ. ಆದ್ದರಿಂದ ಮೂಲ ನೆಗೆಟಿವ್ ಅಥವಾ ರಿವರ್ಸಲ್ (ನೇರವಾಗಿ ಪಾಸಿಟಿವ್ ಚಿತ್ರ ಕೊಡುವ) ಫಿಲ್ಮನ್ನೇ ಲೈಟ್ ಬಾಕ್ಸ್ ಮೇಲೆ ಹರಡಿ, ಹತ್ತಿಯ ಕೈಗವಸು ಹಾಕಿಕೊಂಡು, ಭೂತಗನ್ನಡಿಯಲ್ಲಿ ನೋಡಿ. ಲೈಟ್ ಬಾಕ್ಸ್ ಇಲ್ಲದಿದ್ದರೆ ಟ್ಯಾಬ್ಲೆಟ್ ಪರದೆಯನ್ನು ಪೂರ್ತಿ ಬಿಳಿಯಾಗಿಸಿದರೂ ಸಾಕು. ಫಿಲ್ಮ್ ಲ್ಯಾಬ್‌ನಲ್ಲೇ ಉಳಿದಿದ್ದರೆ ತೂತುಗಳೂ ಅಂಚುಗಳೂ ಕಾಣುವಂತೆ ಓವರ್‌ಸ್ಕ್ಯಾನ್ ಮಾಡಿಕೊಡಲು ಕೇಳಿ.

ನೆಗೆಟಿವ್‌ನಲ್ಲಿ ಬೆಳಕು ಬಿದ್ದ ಜಾಗ ದಟ್ಟವಾಗಿ ಕಾಣುತ್ತದೆ, ರಿವರ್ಸಲ್ ಫಿಲ್ಮ್‌ನಲ್ಲಿ ತೆಳುವಾಗಿ ಬಿಳಿಚಿಕೊಂಡಿರುತ್ತದೆ. ಮುಂದೆ ಎರಡಕ್ಕೂ ‘ಫಾಗ್’ ಎಂದೇ ಹೇಳುತ್ತೇನೆ.

ಹಂತ 2: ಫಾಗ್ ಚೌಕಟ್ಟಿನೊಳಗೆ ನಿಂತಿದೆಯೇ, ಹೊರಗೂ ಹರಡಿದೆಯೇ?

ಇಡೀ ಪತ್ತೆಕಾರ್ಯದಲ್ಲಿ ಇದಕ್ಕಿಂತ ಬೆಲೆಬಾಳುವ ಪ್ರಶ್ನೆ ಇನ್ನೊಂದಿಲ್ಲ.

ಫಾಗ್ ಚಿತ್ರದ ಅಂಚಿನಲ್ಲಿ ಗೆರೆ ಎಳೆದಂತೆ ನಿಂತು, ತೂತುಗಳ ಕಡೆ ಫಿಲ್ಮ್ ಸ್ವಚ್ಛವಾಗಿದ್ದರೆ ಬೆಳಕು ಗೇಟ್‌ನ (ಲೆನ್ಸ್‌ನ ಹಿಂದೆ, ಚಿತ್ರ ಮೂಡುವಾಗ ಫಿಲ್ಮ್ ನಿಲ್ಲುವ ಜಾಗ) ಕಿಟಕಿಯ ಮೂಲಕವೇ ಬಂದಿದೆ. ಅಂದರೆ ತಪ್ಪು ಗೇಟ್‌ನ ಮುಂದಿದೆ: ಲೆನ್ಸ್, ಫಿಲ್ಟರ್, ತಿರುಗಣಿ, ಫಿಲ್ಟರ್ ಕಿಂಡಿ, ಪ್ರಿಸಂ, ಐಪೀಸ್ ಇವುಗಳಲ್ಲೊಂದು. ಇಂಥ ಪ್ರಕರಣದಲ್ಲಿ ಬಾಗಿಲನ್ನು ಅನುಮಾನಿಸಬೇಕಾಗಿಲ್ಲ.

ಫಾಗ್ ಚೌಕಟ್ಟಿನ ಗೆರೆಯನ್ನು ಲೆಕ್ಕಿಸದೆ ತೂತುಗಳ ಮೇಲೂ, ಎರಡು ಫ್ರೇಮ್‌ಗಳ ನಡುವಿನ ಗೆರೆಯ ಮೇಲೂ ಹರಿದಿದ್ದರೆ ಫಿಲ್ಮ್ ಗೇಟ್‌ನಲ್ಲಿ ಇಲ್ಲದಿದ್ದಾಗ ಬೆಳಕು ತಗಲಿದೆ. ಆಗ ಕ್ಯಾಮೆರಾದ ಒಡಲು, ಬಾಗಿಲು, ಮ್ಯಾಗಜಿನ್ (ಕ್ಯಾಮೆರಾಗೆ ಜೋಡಿಸುವ ಫಿಲ್ಮ್ ಪೆಟ್ಟಿಗೆ), ಫಿಲ್ಮ್ ತುಂಬುವ ರೀತಿ, ಸಾಗಣೆ ಇವುಗಳ ಕಡೆ ನೋಡಬೇಕು.

ಇನ್ನೊಂದು ಸಣ್ಣ ಕೆಲಸವನ್ನು ಈಗಲೇ ಮಾಡಿ. ಕೆಲಸಕ್ಕೆ ಬಾರದ ಹಳೆಯ ಫಿಲ್ಮ್ ತುಂಡನ್ನು ಕ್ಯಾಮೆರಾಗೆ ಪೋಣಿಸಿ, ಬಾಗಿಲ ಕಡೆಯ ಅಂಚಿಗೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ತೂತುಗಳ ಸಾಲು ಬಾಗಿಲ ಕಡೆ ಬರುತ್ತದೆಯೇ, ಯಂತ್ರದ ಕಡೆಯೇ ಎಂಬುದು ಇದರಿಂದ ಖಚಿತವಾಗುತ್ತದೆ. ಫಾಗ್ ಬಾಗಿಲ ಕಡೆಯ ಅಂಚಿನಲ್ಲಿ ದಟ್ಟವಾಗಿದ್ದು ಒಳಕ್ಕೆ ಹೋದಂತೆ ಕರಗಿದ್ದರೆ ಅನುಮಾನದ ಅರ್ಧ ಭಾಗ ಅಲ್ಲಿಗೇ ಬಗೆಹರಿಯಿತು.

ಹಂತ 3: ಫ್ರೇಮ್ ಎಣಿಸಿ

ಇದು ಬೇಸರದ ಕೆಲಸದಂತೆ ಕಾಣುತ್ತದೆ, ಆದರೆ ಕ್ಯಾಮೆರಾದ ಯಾವ ಮೂಲೆಯಲ್ಲಿ ತಪ್ಪಿದೆ ಎಂಬುದನ್ನು ಸೆಂಟಿಮೀಟರ್ ಲೆಕ್ಕದಲ್ಲಿ ತೋರಿಸುವುದು ಇದೇ. 16 ಎಂಎಂನಲ್ಲಿ ಒಂದು ಫ್ರೇಮ್‌ನಿಂದ ಮುಂದಿನದಕ್ಕೆ 7.62 ಮಿಲಿಮೀಟರ್, ಅಂದರೆ ಒಂದು ಅಡಿಗೆ 40 ಫ್ರೇಮ್.

ಮೊದಲು ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಬೋಲೆಕ್ಸ್ ರಿಫ್ಲೆಕ್ಸ್‌ನ 133 ಡಿಗ್ರಿ ಶಟರ್ 24 ಫ್ರೇಮ್ ವೇಗದಲ್ಲಿ ಪ್ರತಿ ಫ್ರೇಮ್‌ಗೆ ಸುಮಾರು 1/65 ಸೆಕೆಂಡ್ ಬೆಳಕು ಕೊಡುತ್ತದೆ. ಎರಡು ಶಾಟ್‌ಗಳ ನಡುವೆ ಕ್ಯಾಮೆರಾ 10 ನಿಮಿಷ ಬಿಸಿಲಿನಲ್ಲಿ ನಿಂತರೆ ಒಳಗಿನ ಫಿಲ್ಮ್ ಅದಕ್ಕಿಂತ ಸುಮಾರು 39,000 ಪಟ್ಟು ಹೆಚ್ಚು ಹೊತ್ತು ಅದೇ ಜಾಗದಲ್ಲಿ ಇದ್ದಂತಾಯಿತು. ಸ್ಟಾಪ್ ಲೆಕ್ಕದಲ್ಲಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಸುಮಾರು 15 ಸ್ಟಾಪ್. ಹಾಗಾಗಿ ಕಣ್ಣಿಗೆ ಕಾಣಿಸದಷ್ಟು ಸೂಕ್ಷ್ಮ ಸೋರಿಕೆಯೂ ನಿಂತ ಕ್ಯಾಮೆರಾದಲ್ಲಿ ದೊಡ್ಡ ಕಲೆ ಮಾಡುತ್ತದೆ. ಓಡುತ್ತಿರುವಾಗ ಫಿಲ್ಮ್ ಸೆಕೆಂಡಿಗೆ 18 ಸೆಂಟಿಮೀಟರ್ ಸರಿಯುವುದರಿಂದ ಅದೇ ಸೋರಿಕೆ ಗುರುತೇ ಬಿಡದಿರಬಹುದು. ಒಡಲಿನ ಸೋರಿಕೆ ಬಹುತೇಕ ಶಾಟ್‌ಗಳು ಸೇರುವ ಜಾಗದ ಆಸುಪಾಸಿನಲ್ಲೇ ಕಾಣಿಸುವುದು ಈ ಕಾರಣಕ್ಕೆ.

ಈಗ ಎಣಿಕೆ. ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗವೇ ಕ್ಯಾಮೆರಾ ನಿಂತಿದ್ದಾಗ ಗೇಟ್‌ನಲ್ಲಿದ್ದ ಫ್ರೇಮ್. ಅಲ್ಲಿಂದ ಫಾಗ್ ಇರುವವರೆಗೆ ಫ್ರೇಮ್‌ಗಳನ್ನು ಎಣಿಸಿ. ಫಾಗ್ ಹಿಂದಿನ ಶಾಟ್‌ನ ಬಾಲದಲ್ಲಿದ್ದರೆ ಸೋರಿಕೆ ಗೇಟ್ ದಾಟಿದ ಮೇಲಿನ ಹಾದಿಯಲ್ಲಿದೆ, ಅಂದರೆ ಫಿಲ್ಮ್ ಸುತ್ತಿಕೊಳ್ಳುವ ಸ್ಪೂಲ್‌ನ ಕಡೆ. ಮುಂದಿನ ಶಾಟ್‌ನ ತಲೆಯಲ್ಲಿದ್ದರೆ ಗೇಟ್‌ಗೆ ಮುಂಚಿನ ಹಾದಿಯಲ್ಲಿದೆ, ಅಂದರೆ ಫಿಲ್ಮ್ ಬಿಚ್ಚಿಕೊಳ್ಳುವ ಸ್ಪೂಲ್‌ನ ಕಡೆ. ಉದಾಹರಣೆಗೆ 12 ಫ್ರೇಮ್ ಅಂತರ ಇದ್ದರೆ 12 × 7.62, ಅಂದರೆ ಸುಮಾರು 91 ಮಿಲಿಮೀಟರ್. ಪೋಣಿಸಿಟ್ಟ ಹಳೆಯ ಫಿಲ್ಮ್‌ನ ಮೇಲೆ ಗೇಟ್‌ನಿಂದ ಲೂಪ್ (ಗೇಟ್‌ನ ಮೇಲೂ ಕೆಳಗೂ ಫಿಲ್ಮ್ ಸಡಿಲವಾಗಿ ಬಾಗಿರುವ ಭಾಗ) ಸಮೇತ ಅಷ್ಟೇ ಉದ್ದ ಅಳೆದು ಗುರುತು ಮಾಡಿ. ಗುರುತು ಬಿದ್ದ ಜಾಗದ ಎದುರಿಗೇ, ಒಡಲಿನ ಗೋಡೆಯಲ್ಲಿ, ನೀವು ಹುಡುಕುತ್ತಿರುವ ಸಂದು ಇರುತ್ತದೆ.

ಒಂದೇ ಕಲೆ ಮತ್ತೆ ಮತ್ತೆ ನಿಯಮಿತವಾಗಿ ಬರುತ್ತಿದ್ದು, ಬರಬರುತ್ತಾ ಮಸುಕಾಗುತ್ತಿದ್ದರೆ ಬೆಳಕು ಸ್ಪೂಲ್‌ನಲ್ಲಿ ಸುತ್ತಿದ್ದ ಫಿಲ್ಮ್‌ನ ಮೇಲೇ ಬಿದ್ದು ಹಲವು ಸುತ್ತುಗಳನ್ನು ಹಾದುಹೋಗಿದೆ. ಆಗ ಕಲೆಗಳ ನಡುವಿನ ಅಂತರ ಆ ಸುತ್ತಿನ ಪರಿಧಿಗೆ ಸಮ. 100 ಅಡಿಯ ಡೇಲೈಟ್ ಸ್ಪೂಲ್ (ಎರಡೂ ಬದಿಗೆ ತಟ್ಟೆಯಿದ್ದು, ಪೂರ್ತಿ ಕತ್ತಲೆಯಿಲ್ಲದೆ ತುಂಬಬಹುದಾದದ್ದು) ತುಂಬಿದ್ದಾಗ ಒಂದು ಸುತ್ತಿಗೆ ಸುಮಾರು 34 ಫ್ರೇಮ್, ಖಾಲಿಯಾಗುತ್ತ ಬಂದಾಗ ಸುಮಾರು 13 ಫ್ರೇಮ್. ರೀಲಿನ ಆರಂಭದ ಭಾಗದಲ್ಲಿ ಅಂತರ 30ರ ಆಸುಪಾಸಿನಲ್ಲಿದ್ದರೆ ಬಿಚ್ಚಿಕೊಳ್ಳುವ ಸ್ಪೂಲ್‌ನ ಮೇಲೆ ಬೆಳಕು ಬಿದ್ದಿದೆ. 15ರ ಆಸುಪಾಸಿನಲ್ಲಿದ್ದರೆ ಸುತ್ತಿಕೊಳ್ಳುವ ಸ್ಪೂಲ್‌ನ ಮೇಲೆ. ರೀಲಿನ ಕೊನೆಯ ಭಾಗದಲ್ಲಿ ಇದು ತಿರುವುಮುರುವು. ನಟ್ಟನಡುವೆ ಎರಡೂ ಸ್ಪೂಲ್‌ಗಳ ಗಾತ್ರ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅಲ್ಲಿನ ಎಣಿಕೆಯಿಂದ ಏನೂ ತಿಳಿಯುವುದಿಲ್ಲ. ಈ ಲೆಕ್ಕ ನನಗೆ ಬಹಳ ಪ್ರಿಯ. ಕ್ಯಾಮೆರಾವನ್ನು ಮುಟ್ಟದೆಯೇ ಸೋರಿಕೆ ಯಾವ ಅರ್ಧದಲ್ಲಿದೆ ಎಂದು ಗೊತ್ತಾಗುತ್ತದೆ.

ಹಂತ 4: ಸೋರಿಕೆಯೇ ಅಲ್ಲದವನ್ನು ಬೇರ್ಪಡಿಸಿ

ಫಿಲ್ಮ್‌ನ ಮೇಲಿನ ಎಲ್ಲ ಬೆಳಕೂ ಸಂದಿನಿಂದ ಬಂದದ್ದಲ್ಲ. ಮುಂದೆ ಹೋಗುವ ಮೊದಲು ಇವನ್ನು ಬದಿಗೆ ಸರಿಸದಿದ್ದರೆ ಇಲ್ಲದ ತೂತನ್ನು ಹುಡುಕುತ್ತಾ ಕೂರಬೇಕಾಗುತ್ತದೆ.

ಪ್ರತಿ ಶಾಟ್‌ನ ಮೊದಲ ಒಂದೆರಡು ಫ್ರೇಮ್ ಮಾತ್ರ ಬಿಳಿಚಿಕೊಂಡಿದ್ದು, ಚಿತ್ರ ಅದರೊಳಗೆ ಸ್ಪಷ್ಟವಾಗಿ ಕಾಣುತ್ತಿದ್ದರೆ ಅದು ಮೋಟಾರ್ ವೇಗ ಹಿಡಿಯುವ ಮುನ್ನ ಆದ ಹೆಚ್ಚಿನ ಎಕ್ಸ್‌ಪೋಷರ್. ಸಂಕಲನದಲ್ಲಿ ಕತ್ತರಿಸಿದರೆ ಮುಗಿಯಿತು. ಒಂದೇ ಒಂದು ಫ್ರೇಮ್ ಪೂರ್ತಿ ಸುಟ್ಟುಹೋಗಿದ್ದರೆ ಕ್ಯಾಮೆರಾ ಶಟರ್ ತೆರೆದ ಸ್ಥಿತಿಯಲ್ಲಿ ನಿಲ್ಲುತ್ತಿದೆ. ಬೋಲೆಕ್ಸ್‌ನಲ್ಲಿ ಒಂದೊಂದೇ ಫ್ರೇಮ್ ತೆಗೆಯಲು ಶಟರನ್ನು ತೆರೆದೇ ಹಿಡಿಯುವ ‘ಟಿ’ ಸ್ಥಾನ ಇದೆ. ಗುಂಡಿ ಅಲ್ಲಿ ಉಳಿದಿದೆಯೇ ನೋಡಿ. ಅಲ್ಲಿಲ್ಲದಿದ್ದರೆ ನಿಲುಗಡೆಯ ಕೊಂಡಿ ಸವೆದಿರಬಹುದು. ಹಳೆಯ ಆರಿಫ್ಲೆಕ್ಸ್‌ಗಳಲ್ಲಿ ಕನ್ನಡಿ ಶಟರ್ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಶಾಟ್ ಮುಗಿದ ಮೇಲೆ ಕೈತಿರುಪಿನಿಂದ ಅದನ್ನು ಮುಚ್ಚಿದ ಸ್ಥಿತಿಗೆ ತರುವುದು ಸಹಾಯಕರ ರೂಢಿಯೇ ಆಗಿರಬೇಕು.

ಬೀದಿದೀಪ, ಸೂರ್ಯ, ಕಿಟಕಿಯಂಥ ಪ್ರಖರ ಜಾಗಗಳಿಂದ ನೇರ ಮೇಲಕ್ಕೋ ಕೆಳಕ್ಕೋ ಗೆರೆ ಹರಿದಿದ್ದರೆ ಅದು ಶಟರ್ ಹೊಂದಾಣಿಕೆ ತಪ್ಪಿದ ಲಕ್ಷಣ. ಫಿಲ್ಮ್ ಸರಿಯುತ್ತಿರುವಾಗಲೇ ಶಟರ್ ತೆರೆದಿರುತ್ತದೆ. ಪರದೆಯ ಮೇಲೆ ಬಾಲ ಮೇಲ್ಮುಖವಾಗಿದ್ದರೆ ಶಟರ್ ಬೇಗ ತೆರೆಯುತ್ತಿದೆ, ಕೆಳಮುಖವಾಗಿದ್ದರೆ ತಡವಾಗಿ ಮುಚ್ಚುತ್ತಿದೆ. ಇದನ್ನು ಮನೆಯಲ್ಲಿ ಸರಿಪಡಿಸಲು ಹೋಗಬೇಡಿ, ತಂತ್ರಜ್ಞರಿಗೆ ಕೊಡಿ.

ದೀಪಗಳ ಸುತ್ತ ಕೆಂಪು-ಕಿತ್ತಳೆ ಪ್ರಭಾವಲಯ ಇದ್ದರೆ ಅದು ಹ್ಯಾಲೇಷನ್. ಬೆಳಕು ಎಮಲ್ಷನ್ (ಫಿಲ್ಮ್‌ನ ಮೇಲಿನ, ಬೆಳಕಿಗೆ ಸ್ಪಂದಿಸುವ ಲೇಪ) ದಾಟಿ ಹೋಗಿ, ಹಿಂದಿನಿಂದ ಪ್ರತಿಫಲಿಸಿ ಮತ್ತೆ ಕೆಂಪು ಪದರಕ್ಕೆ ಬೀಳುತ್ತದೆ. ರೆಮ್‌ಜೆಟ್ (ಫಿಲ್ಮ್‌ನ ಹಿಂಬದಿಯ ಕಪ್ಪು ಲೇಪ) ತೆಗೆದು ಮಾರುವ ಫಿಲ್ಮ್‌ಗಳಲ್ಲಿ ಇದು ಸಹಜ, ಕ್ಯಾಮೆರಾದ ದೋಷವಲ್ಲ. ಮರದ ಕೊಂಬೆಗಳಂತೆ ಕವಲೊಡೆದ ಮಿಂಚಿನ ಗುರುತುಗಳು ಸ್ಥಿರವಿದ್ಯುತ್ತಿನವು. ಒಣ ಹವೆಯಲ್ಲಿ ಫಿಲ್ಮನ್ನು ಜೋರಾಗಿ ಸುತ್ತಿದಾಗ ಬರುತ್ತವೆ.

ರೀಲಿನ ಉದ್ದಕ್ಕೂ ಅಲೆಯಂತೆ ಏರಿಳಿಯುವ ಮಬ್ಬು ಇದ್ದರೆ ವಿಮಾನ ನಿಲ್ದಾಣದ ಎಕ್ಸ್‌ರೇಯನ್ನು ನೆನಪಿಸಿಕೊಳ್ಳಿ. ಈಗ ಬಂದಿರುವ ಸಿಟಿ ಸ್ಕ್ಯಾನರ್‌ಗಳು ಹಳೆಯ ಎಕ್ಸ್‌ರೇ ಯಂತ್ರಗಳಿಗಿಂತ ಫಿಲ್ಮ್‌ಗೆ ಹೆಚ್ಚು ಅಪಾಯಕಾರಿ. ಕೈಯಿಂದಲೇ ತಪಾಸಣೆ ಮಾಡುವಂತೆ ವಿನಂತಿಸಿಕೊಳ್ಳಬೇಕು. ಖಚಿತಪಡಿಸಿಕೊಳ್ಳಲು ಅದೇ ಪೆಟ್ಟಿಗೆಯಲ್ಲಿ ಪ್ರಯಾಣ ಮಾಡಿದ, ಕ್ಯಾಮೆರಾಗೆ ಹಾಕದ ರೀಲಿನಿಂದ ಒಂದಡಿ ಕತ್ತರಿಸಿ ಸಂಸ್ಕರಿಸಿ. ಅದರಲ್ಲೂ ಮಬ್ಬು ಇದ್ದರೆ ಕ್ಯಾಮೆರಾ ನಿರ್ದೋಷಿ.

ರೀಲಿನ ಮೊದಲ ಮತ್ತು ಕೊನೆಯ ಕೆಲವು ಅಡಿಗಳಲ್ಲಿ ಮಾತ್ರ ಎರಡೂ ಅಂಚುಗಳಲ್ಲಿ ಫಾಗ್ ಇದ್ದರೆ ಅದು ಬೆಳಕಿನಲ್ಲಿ ಫಿಲ್ಮ್ ತುಂಬಿದ್ದರ ಫಲ. ‘ಡೇಲೈಟ್ ಸ್ಪೂಲ್’ ಎಂಬ ಹೆಸರಿದ್ದರೂ ಅದನ್ನು ತುಂಬಬೇಕಾದದ್ದು ನೆರಳಿನಲ್ಲಿ. ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಂತೂ ದಪ್ಪ ಕಪ್ಪು ಬಟ್ಟೆಯ ಅಡಿಯಲ್ಲೋ ಚೇಂಜಿಂಗ್ ಬ್ಯಾಗ್‌ನಲ್ಲೋ (ಕೈ ತೂರಿಸಿ ಕೆಲಸ ಮಾಡುವ, ಬೆಳಕು ಹೋಗದ ಚೀಲ) ತುಂಬಿ. ಫಾಗ್ ಒಂದೇ ಅಂಚಿನಲ್ಲಿದ್ದರೆ ಸ್ಪೂಲ್‌ನ ತಟ್ಟೆ ಬಾಗಿದೆಯೇ ಎಂದು ಸಮತಟ್ಟಾದ ಮೇಜಿನ ಮೇಲೆ ಇಟ್ಟು ನೋಡಿ. ಬಾಗಿದ್ದನ್ನು ನೇರ ಮಾಡಲು ಹೋಗದೆ ಎಸೆದುಬಿಡಿ.

ಬಣ್ಣವೂ ಒಂದು ಸುಳಿವು. ಬಣ್ಣದ ಫಿಲ್ಮ್‌ನಲ್ಲಿ ನೀಲಿಗೆ ಸ್ಪಂದಿಸುವ ಪದರ ಮೇಲೆ, ಕೆಂಪಿಗೆ ಸ್ಪಂದಿಸುವ ಪದರ ಬೇಸ್‌ಗೆ (ಎಮಲ್ಷನ್‌ಗೆ ಆಧಾರವಾದ ಪ್ಲಾಸ್ಟಿಕ್ ಪಟ್ಟಿ) ಹತ್ತಿರ ಇರುತ್ತದೆ. ಬೇಸ್ ಕಡೆಯಿಂದ ಬಂದ ಬೆಳಕು ಕೆಂಪು ಪದರವನ್ನು ಮೊದಲು ಮುಟ್ಟುವುದರಿಂದ ಚಿತ್ರದಲ್ಲಿ ಕೆಂಪು-ಕಿತ್ತಳೆಯಾಗಿ ಕಾಣುತ್ತದೆ. ಎಮಲ್ಷನ್ ಕಡೆಯಿಂದ ಬಂದದ್ದು ಬಿಳಿಯ ಅಥವಾ ನೀಲಿಯ ಕಡೆ ವಾಲುತ್ತದೆ. ರೆಮ್‌ಜೆಟ್‌ನ ಕಪ್ಪು ಲೇಪ ಬೇಸ್ ಕಡೆಯ ಬೆಳಕನ್ನು ಬಹುಪಾಲು ತಡೆಯುವುದರಿಂದ ಆ ಲೇಪವಿಲ್ಲದ ಎಕ್ಟಾಕ್ರೋಮ್‌ನಂಥ ಫಿಲ್ಮ್‌ಗಳಲ್ಲಿ ಈ ಸುಳಿವು ಹೆಚ್ಚು ನಂಬಿಕೆಗೆ ಅರ್ಹ.

ಹಂತ 5: ಗೇಟ್‌ನ ಮುಂದಿನ ದೋಷಗಳು

ಫಾಗ್ ಚೌಕಟ್ಟಿನೊಳಗೇ ನಿಂತಿದೆ ಎಂದಾದರೆ ಲೆನ್ಸ್‌ನಿಂದ ಶುರುಮಾಡಿ. ಕ್ಯಾಮೆರಾ ತಿರುಗಿದಂತೆ ಚಲಿಸುವ, ಐರಿಸ್‌ನ ಬಹುಭುಜಾಕೃತಿಯ ಬೆಳಕಿನ ಚುಕ್ಕೆಗಳು ಲೆನ್ಸ್ ಫ್ಲೇರ್. ಕಪ್ಪು ಭಾಗಗಳೆಲ್ಲ ಬೂದಿಯಾಗುವಂತೆ ಇಡೀ ಚಿತ್ರಕ್ಕೆ ಪರದೆ ಬಿದ್ದಿದ್ದರೂ ಮೊದಲ ಅನುಮಾನ ಲೆನ್ಸ್‌ನ ಮೇಲೆಯೇ. ಲೆನ್ಸ್ ಕಳಚಿ, ಐರಿಸ್ ಪೂರ್ತಿ ತೆರೆದು, ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಓರೆಯಾಗಿ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯಂಥ ಎಳೆಗಳಿದ್ದರೆ ಫಂಗಸ್. ತೆಳ್ಳನೆಯ ಹಾಲಿನಂಥ ಪೊರೆಯಿದ್ದರೆ ಎಣ್ಣೆಯ ಆವಿ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಲೆನ್ಸ್‌ಗಳಲ್ಲಿ ಫಂಗಸ್ ತೀರ ಸಾಮಾನ್ಯ. ಲೆನ್ಸ್‌ಗಳನ್ನು ಸಿಲಿಕಾ ಜೆಲ್ ಇರುವ, ಗಾಳಿಯಾಡದ ಡಬ್ಬಿಯಲ್ಲಿ ಇಡಿ.

ಲೆನ್ಸ್ ಸ್ವಚ್ಛವಾಗಿದ್ದೂ ಫ್ಲೇರ್ ಬರುತ್ತಿದ್ದರೆ ಸೆಟ್‌ನಲ್ಲಿ ಮಾಡುವ ಪರೀಕ್ಷೆ ಸರಳ. ಲೆನ್ಸ್‌ನ ಮುಂಗಾಜನ್ನು ನೋಡುತ್ತಾ ಅಂಗೈಯಿಂದ ಸುತ್ತಲೂ ನೆರಳು ಮಾಡಿ. ಗಾಜಿನ ಮೇಲೆ ದೀಪದ ಬೆಳಕು ನೇರ ಬೀಳುತ್ತಿದ್ದರೆ, ದೀಪ ಫ್ರೇಮ್‌ನ ಹೊರಗಿದ್ದರೂ, ಫ್ಲೇರ್ ಬರುತ್ತದೆ. ನೆರಳು ಇಡೀ ಗಾಜನ್ನು ಮುಚ್ಚುವ ಕಡೆ ಕಟರ್ (ಬೆಳಕು ತಡೆಯುವ ಕಪ್ಪು ಮರೆ) ನಿಲ್ಲಿಸಿ. ಹಳೆಯ ಲೆನ್ಸ್‌ಗೆ ಹುಡ್ ಹಾಕದೆ ಚಿತ್ರೀಕರಣ ಮಾಡುವುದು ನನ್ನ ದೃಷ್ಟಿಯಲ್ಲಿ ಅಸಡ್ಡೆ. ಎರಡು ಮೂರು ಫಿಲ್ಟರ್ ಒಂದರ ಮೇಲೊಂದು ಹಾಕುವುದೂ ಅಷ್ಟೇ. ಗಾಜಿನ ಮೇಲ್ಮೈಗಳ ನಡುವೆ ಬೆಳಕು ಪುಟಿದು ದೀಪದ ತಲೆಕೆಳಗಾದ ಪ್ರತಿಬಿಂಬ ಚಿತ್ರದಲ್ಲಿ ಮೂಡುತ್ತದೆ.

ಬೋಲೆಕ್ಸ್ ರಿಫ್ಲೆಕ್ಸ್‌ಗಾಗಿಯೇ ಮಾಡಿದ ಆರ್‌ಎಕ್ಸ್ ಲೆನ್ಸ್‌ಗಳ ಬದಲು 50 ಎಂಎಂಗಿಂತ ಕಡಿಮೆ ಫೋಕಲ್ ದೂರದ ಸಾಮಾನ್ಯ ಸಿ-ಮೌಂಟ್ ಲೆನ್ಸ್ ಹಾಕಿದರೆ ಅಗಲ ಅಪರ್ಚರ್‌ನಲ್ಲಿ ಚಿತ್ರ ಮೆತ್ತಗಾಗಿ ಹೊಳಪಿನ ಅಂಚು ಕಾಣುತ್ತದೆ. ಪ್ರಿಸಂನ ಗಾಜನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಲೆನ್ಸ್ ಅದು. ಅದನ್ನು ಸೋರಿಕೆ ಎಂದುಕೊಳ್ಳಬಾರದು.

ಮುಂದಿನದು ಐಪೀಸ್. ಬೋಲೆಕ್ಸ್ ರಿಫ್ಲೆಕ್ಸ್‌ನಲ್ಲಿ ಲೆನ್ಸ್ ಮತ್ತು ಶಟರ್‌ನ ನಡುವೆ ಪ್ರಿಸಂ ಸದಾ ಕುಳಿತಿರುತ್ತದೆ. ಒಳಬರುವ ಬೆಳಕಿನ ಒಂದು ಪಾಲನ್ನು ಅದು ವ್ಯೂಫೈಂಡರ್‌ಗೆ ಕಳಿಸುತ್ತದೆ. ಈ ದಾರಿಯಲ್ಲಿ ಬೆಳಕು ಹಿಮ್ಮುಖವಾಗಿಯೂ ಬರಬಲ್ಲದು. ಕಣ್ಣು ಐಪೀಸ್‌ಗೆ ಒತ್ತಿಕೊಂಡಿರುವಾಗ ತೊಂದರೆಯಿಲ್ಲ. ಕನ್ನಡಕ ಹಾಕಿಕೊಂಡು ನೋಡಿದಾಗ, ಕೇಬಲ್ ರಿಲೀಸ್ ಹಿಡಿದು ದೂರ ನಿಂತಾಗ, ಬೆನ್ನ ಹಿಂದೆ ಸೂರ್ಯ ಇದ್ದಾಗ ಬೆಳಕು ಐಪೀಸ್‌ನಿಂದ ಇಳಿದು ಪ್ರಿಸಂನಲ್ಲಿ ಚದುರಿ ಗೇಟ್ ಸೇರುತ್ತದೆ. ಇದಕ್ಕೆಂದೇ ವ್ಯೂಫೈಂಡರ್ ಮುಚ್ಚುವ ಸನ್ನೆ (ಲಿವರ್) ಕೊಟ್ಟಿದ್ದಾರೆ. ಕಣ್ಣು ತೆಗೆಯುವ ಮೊದಲು ಅದನ್ನು ಮುಚ್ಚಿ. ಟೈಮ್‌ಲ್ಯಾಪ್ಸ್ ಮತ್ತು ಅನಿಮೇಷನ್ ಕೆಲಸದಲ್ಲಿ ಸನ್ನೆ ಮುಚ್ಚಿದ ಮೇಲೂ ಐಪೀಸ್‌ಗೆ ಕಪ್ಪು ಬಟ್ಟೆ ಹೊದಿಸಿ. ಹಲವು ಸೂಪರ್ 8 ಕ್ಯಾಮೆರಾಗಳಲ್ಲೂ ಐಪೀಸ್ ಮುಚ್ಚುವ ಸಣ್ಣ ಬಾಗಿಲಿದೆ.

ಲೆನ್ಸ್‌ನ ಹಿಂದಿನ ಜೆಲಟಿನ್ ಫಿಲ್ಟರ್ ಕಿಂಡಿ ಇನ್ನೊಂದು ದೊಡ್ಡ ಕಾರಣ. ಫಿಲ್ಟರ್ ಬೇಡವಾದರೂ ಅದರ ಖಾಲಿ ಹಿಡಿಕೆ ಕಿಂಡಿಯಲ್ಲಿ ಇರಲೇಬೇಕು. ಹಳೆಯ ಕ್ಯಾಮೆರಾ ಕೊಂಡವರಿಗೆ ಬಹಳ ಸಲ ಆ ಹಿಡಿಕೆ ಸಿಕ್ಕಿರುವುದಿಲ್ಲ. ಹೊಸದು ಸಿಗುವವರೆಗೆ ಕಿಂಡಿಗೆ ಕಪ್ಪು ಬಟ್ಟೆಯ ಟೇಪ್ ಅಂಟಿಸಿ. ಹಾಗೆಯೇ ಮೂರು ಲೆನ್ಸ್‌ಗಳ ತಿರುಗಣಿಯಲ್ಲಿ ಖಾಲಿ ಉಳಿದ ಕಣ್ಣುಗಳಿಗೆ ಲೋಹದ ಮುಚ್ಚಳ ತಿರುಗಿಸಿ ಹಾಕಿ.

ಗೇಟ್‌ನ ಕಿಟಕಿಯ ಅಂಚಿನಲ್ಲಿ ಕಪ್ಪು ಬಣ್ಣ ಸವೆದು ಲೋಹ ಹೊಳೆಯುತ್ತಿದ್ದರೂ ಚಿತ್ರದ ಅಂಚಿಗೆ ಅಂಟಿಕೊಂಡಂತೆ ಬೆಳಕಿನ ಪಟ್ಟೆ ಬರುತ್ತದೆ. ಇದನ್ನು ನೋಡಲು ಒತ್ತುತಟ್ಟೆ (ಫಿಲ್ಮನ್ನು ಹಿಂದಿನಿಂದ ಗೇಟ್‌ಗೆ ಒತ್ತುವ ತಟ್ಟೆ) ತೆಗೆದು, ಗೇಟ್‌ನಲ್ಲಿ ಟ್ರೇಸಿಂಗ್ ಪೇಪರ್ ತುಂಡು ಇಟ್ಟು, ಶಟರನ್ನು ‘ಟಿ’ ಸ್ಥಾನದಲ್ಲಿ ತೆರೆದು, ಕಪ್ಪು ಬಟ್ಟೆ ಹೊದ್ದು ನೋಡಿ. ಫಿಲ್ಮ್ ಏನನ್ನು ಕಾಣುತ್ತದೋ ಅದನ್ನೇ ನೀವು ಕಾಣುತ್ತೀರಿ. ವ್ಯೂಫೈಂಡರ್‌ನಲ್ಲಿ ಕಂಡ ಫ್ಲೇರ್ ಕೆಲವೊಮ್ಮೆ ವ್ಯೂಫೈಂಡರ್‌ನದ್ದೇ ಆಗಿರುತ್ತದೆ. ಈ ಕಾಗದ ಸುಳ್ಳು ಹೇಳುವುದಿಲ್ಲ.

ಹಂತ 6: ಒಡಲಿನ ಸೋರಿಕೆಗೆ ಮೂರು ಪರೀಕ್ಷೆಗಳು

ಮೊದಲನೆಯದು ಖರ್ಚಿಲ್ಲದ್ದು. ರಾತ್ರಿ, ಪೂರ್ತಿ ಕತ್ತಲೆ ಮಾಡಿದ ಕೋಣೆಯಲ್ಲಿ ಕಾಲು ಗಂಟೆ ಕುಳಿತು ಕಣ್ಣು ಹೊಂದಿಸಿಕೊಳ್ಳಿ. ಸ್ಪೂಲ್ ಇಡುವ ಜಾಗದಲ್ಲಿ ಪುಟ್ಟ ಎಲ್‌ಇಡಿ ದೀಪ ಹೊತ್ತಿಸಿ, ಲೆನ್ಸ್‌ಗೆ ಮುಚ್ಚಳ ಹಾಕಿ, ಬಾಗಿಲು ಭದ್ರಪಡಿಸಿ, ಕ್ಯಾಮೆರಾವನ್ನು ಎಲ್ಲ ಕೋನಗಳಿಂದ ನಿಧಾನವಾಗಿ ನೋಡಿ. ಬಾಗಿಲ ಸುತ್ತಿನ ಸಂದು, ಫಿಲ್ಮ್ ಅಳತೆಯ ಕಿಟಕಿ, ಮೋಟಾರ್ ಮತ್ತು ರಿವೈಂಡ್ ಶಾಫ್ಟ್‌ಗಳು ಇವನ್ನು ಬಿಡಬೇಡಿ. 400 ಅಡಿಯ ಮ್ಯಾಗಜಿನ್ ಕೂರುವ ಮಾದರಿಯಾದರೆ ನೆತ್ತಿಯ ಮುಚ್ಚಳಗಳನ್ನೂ ನೋಡಿ. ಏನೂ ಕಾಣಿಸದಿದ್ದರೆ ಸೋರಿಕೆ ಇಲ್ಲವೆಂದು ತೀರ್ಮಾನಿಸಬೇಡಿ. ಹಂತ 3ರ 15 ಸ್ಟಾಪ್ ಲೆಕ್ಕ ಇಲ್ಲಿ ಅನ್ವಯಿಸುತ್ತದೆ.

ಎರಡನೆಯದು ಕಪ್ಪು-ಬಿಳುಪು ಫೋಟೊ ಮುದ್ರಿಸುವ ಕಾಗದದ ಪರೀಕ್ಷೆ. ಈ ಕಾಗದವನ್ನು ಕೆಂಪು ದೀಪದ ಬೆಳಕಿನಲ್ಲೇ ಕತ್ತರಿಸಿ ಅಂಟಿಸಬಹುದಾದ್ದರಿಂದ ಕೆಲಸ ಸುಲಭ. ಹಂತ 3ರಲ್ಲಿ ಗುರುತಾದ ಜಾಗದ ಸುತ್ತ ತುಂಡುಗಳನ್ನು ಅಂಟಿಸಿ, ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಸಿಲಿನಲ್ಲಿ ತಿರುಗಿಸುತ್ತಾ ಇಡಿ. ಡೆವಲಪ್ ಮಾಡಿದಾಗ ಬೆಳಕು ಬಿದ್ದ ಆಕಾರವೇ ಕಪ್ಪಾಗಿ ಮೂಡುತ್ತದೆ. ಕಾಗದದ ವೇಗ ಫಿಲ್ಮ್‌ಗಿಂತ ಬಹಳ ಕಡಿಮೆ. ದೊಡ್ಡ ಸೋರಿಕೆ ಮಾತ್ರ ಸಿಗುತ್ತದೆ. ಆದರೆ ಸಿಕ್ಕಾಗ ಸಂದೇಹಕ್ಕೆ ಎಡೆಯಿರುವುದಿಲ್ಲ.

ಮೂರನೆಯದು ಫಿಲ್ಮ್ ಪರೀಕ್ಷೆ. ಇದೇ ಅಂತಿಮ ತೀರ್ಪು. ಅವಧಿ ಮೀರಿದ ಫಿಲ್ಮ್ ಆದರೂ ಸರಿ, ವೇಗದ್ದಾಗಿರಲಿ. ಅನುಮಾನದ ಜಾಗಗಳಿಗೆಲ್ಲ ಮೊದಲು ಟೇಪ್ ಹಾಕಿ. ಒಂದು ಹಾಳೆಯ ಮೇಲೆ ದೊಡ್ಡದಾಗಿ ‘1’ ಎಂದು ಬರೆದು ಒಂದು ಸೆಕೆಂಡ್ ಚಿತ್ರೀಕರಿಸಿ. ಲೆನ್ಸ್ ಮುಚ್ಚಿ 3 ಸೆಕೆಂಡ್ ಓಡಿಸಿ ನಿಲ್ಲಿಸಿ. ಒಂದು ಜಾಗದ ಟೇಪ್ ಮಾತ್ರ ತೆಗೆದು, ಪ್ರಖರ ಟಾರ್ಚನ್ನು ಹತ್ತಿರದಿಂದ ಒಂದು ನಿಮಿಷ ಎಲ್ಲ ಕೋನಗಳಲ್ಲಿ ಆಡಿಸಿ. ಟೇಪ್ ಮತ್ತೆ ಹಾಕಿ, ಇನ್ನೂ 3 ಸೆಕೆಂಡ್ ಓಡಿಸಿ. ಆಮೇಲೆ ‘2’. ನಿಂತ ಜಾಗದ ಹಿಂದೆಯೂ ಮುಂದೆಯೂ ಸುಮಾರು 55 ಸೆಂಟಿಮೀಟರ್ ಖಾಲಿ ಫಿಲ್ಮ್ ಇರುವುದರಿಂದ ಗೇಟ್‌ನ ಎರಡೂ ಕಡೆಯ ಹಾದಿಯಲ್ಲಿ ಬಿದ್ದ ಫಾಗ್ ಬೇರೆ ಅಂಕೆಯ ಪಾಲಿಗೆ ಹೋಗುವುದಿಲ್ಲ. ಒಂದು ಜಾಗಕ್ಕೆ 7 ಸೆಕೆಂಡಿನಂತೆ ಒಂದೇ ರೀಲಿನಲ್ಲಿ 20ಕ್ಕೂ ಹೆಚ್ಚು ಜಾಗಗಳನ್ನು ಪರೀಕ್ಷಿಸಬಹುದು. ಐಪೀಸ್ ಮತ್ತು ಫಿಲ್ಟರ್ ಕಿಂಡಿಗೆ ಮಾತ್ರ ಕ್ಯಾಮೆರಾ ಓಡುತ್ತಿರುವಾಗಲೇ ಟಾರ್ಚ್ ಹಿಡಿಯಿರಿ, ಏಕೆಂದರೆ ಅಲ್ಲಿಂದ ಬರುವ ಬೆಳಕು ಶಟರ್ ತೆರೆದಾಗ ಮಾತ್ರ ಫಿಲ್ಮ್ ಮುಟ್ಟುತ್ತದೆ.

ಕಪ್ಪು-ಬಿಳುಪು ಫಿಲ್ಮ್ ಬಳಸಿದರೆ ಲ್ಯಾಬ್‌ಗೆ ಕಳಿಸದೆ ಡಿ-76ರಂಥ ಸಾಮಾನ್ಯ ಡೆವಲಪರ್‌ನಲ್ಲಿ ಮನೆಯಲ್ಲೇ ಸಂಸ್ಕರಿಸಬಹುದು. ಚೆಂದದ ಚಿತ್ರ ಬೇಕಾಗಿಲ್ಲ. ಫಿಲ್ಮ್ ಸುರುಳಿಗಳು ಒಂದಕ್ಕೊಂದು ಅಂಟದಂತೆ ಬಿಡದೆ ಕಲಕುತ್ತಿರಿ. ಇಲ್ಲದಿದ್ದರೆ ಅಸಮ ಡೆವಲಪಿಂಗ್‌ನ ಕಲೆಗಳನ್ನೇ ಫಾಗ್ ಎಂದು ಓದುವ ಅಪಾಯವಿದೆ.

ಚೇಂಜಿಂಗ್ ಬ್ಯಾಗನ್ನೂ ಈ ಸರದಿಯಲ್ಲಿ ಸೇರಿಸಿ. ಕತ್ತಲೆ ಕೋಣೆಯಲ್ಲಿ ಒಳಗೆ ಟಾರ್ಚ್ ಹೊತ್ತಿಸಿಟ್ಟು ಜಿಪ್ ಮತ್ತು ಹೊಲಿಗೆಯ ಉದ್ದಕ್ಕೂ ನೋಡಿದರೆ ಸೂಜಿಮೊನೆಯಷ್ಟು ತೂತೂ ಕಾಣುತ್ತದೆ.

ಹಂತ 7: ದುರಸ್ತಿ

ಬೋಲೆಕ್ಸ್‌ನ ಬಾಗಿಲಿಗೆ ಫೋಮ್ ಇಲ್ಲ. ಅಂಚಿನ ತೋಡಿನೊಳಗೆ ಅಂಚು ಕೂರುವ ಏರ್ಪಾಡೇ ಬೆಳಕನ್ನು ತಡೆಯುತ್ತದೆ. ಆದ್ದರಿಂದ ತೋಡಿನಲ್ಲಿ ಸೇರಿದ ಧೂಳು, ಒಣಗಿದ ಗ್ರೀಸ್, ಫಿಲ್ಮ್ ಚೂರುಗಳನ್ನು ಮರದ ಕಡ್ಡಿಯಿಂದ ತೆಗೆದು ಬಟ್ಟೆಯಲ್ಲಿ ಒರೆಸಿದರೆ ಬಾಗಿಲು ಮತ್ತೆ ಸರಿಯಾಗಿ ಕೂರಬಹುದು. ಕೆಳಗೆ ಬಿದ್ದು ಬಾಗಿಲಿನ ಅಂಚು ಬಾಗಿದ್ದರೆ ಬಡಿದು ನೇರ ಮಾಡಬೇಡಿ.

ಕೆ-3 ಮತ್ತು ಸೂಪರ್ 8 ಕ್ಯಾಮೆರಾಗಳಲ್ಲಿ ಮೆತ್ತನೆಯ ಸೀಲ್‌ಗಳನ್ನು ಅನುಮಾನಿಸಿ. ಫೋಮ್ ವಯಸ್ಸಾದಂತೆ, ನಮ್ಮ ಸೆಖೆಯಲ್ಲಿ ಇನ್ನೂ ಬೇಗ, ಡಾಂಬರಿನಂತೆ ಅಂಟಂಟಾಗಿ ಪುಡಿಯಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಪೂರ್ತಿ ಉಜ್ಜಿ ತೆಗೆಯಿರಿ. ಗೇಟ್ ಕಡೆ ಪುಡಿ ಹೋಗದಂತೆ ಮೊದಲು ಕಾಗದ ಮುಚ್ಚಿ. ಹೊಸದಾಗಿ ತೆಳ್ಳನೆಯ ಕಪ್ಪು ಫೋಮ್ ಪಟ್ಟಿ ಅಥವಾ ಕಪ್ಪು ಉಣ್ಣೆಯ ದಾರ ಕೂರಿಸಿ. ತೀರ ದಪ್ಪ ಹಾಕಿದರೆ ಬಾಗಿಲೇ ಕೂರದೆ ಹೊಸ ಸಂದು ಹುಟ್ಟಿಕೊಳ್ಳುತ್ತದೆ.

ಟೇಪ್ ಬಳಸಬೇಕಾದಾಗ ಬಟ್ಟೆಯ ಕ್ಯಾಮೆರಾ ಟೇಪನ್ನೇ ಬಳಸಿ. ಎಲೆಕ್ಟ್ರಿಷಿಯನ್‌ಗಳ ಪಿವಿಸಿ ಟೇಪ್ ಬಿಸಿಲಿನಲ್ಲಿ ಜಾರಿ, ಅಂಟನ್ನು ಕ್ಯಾಮೆರಾದ ಮೇಲೆ ಬಿಟ್ಟುಹೋಗುತ್ತದೆ. ಆರಿಫ್ಲೆಕ್ಸ್ ಮ್ಯಾಗಜಿನ್‌ಗಳ ಮುಚ್ಚಳದ ಸುತ್ತ ಟೇಪ್ ಹಾಕುವುದು ಒಳ್ಳೆಯ ಅಭ್ಯಾಸ. ಮುಚ್ಚಳ ಅಕಸ್ಮಾತ್ ತೆರೆಯದಂತೆಯೂ ಅದು ಕಾಯುತ್ತದೆ.

ದುರಸ್ತಿ ಏನೇ ಮಾಡಿದರೂ ಶಾಟ್‌ಗಳ ನಡುವೆ ಕ್ಯಾಮೆರಾವನ್ನು ಬಿಸಿಲಿನಲ್ಲಿ ಬೆತ್ತಲೆ ನಿಲ್ಲಿಸಬೇಡಿ. ಒಳಗೆ ಕಪ್ಪು, ಹೊರಗೆ ಬಿಳಿ ಇರುವ ಬಟ್ಟೆ ಹೊದಿಸಿ. ಫಿಲ್ಮ್‌ಗೆ ಶಾಖವೂ ತಗಲುವುದಿಲ್ಲ. ಬೋಲೆಕ್ಸ್‌ನ ವೇರಿಯಬಲ್ ಶಟರನ್ನು ಆ ಬಿಡುವಿನಲ್ಲಿ ಪೂರ್ತಿ ಮುಚ್ಚಿಡಬಹುದು. ಹಾಗೆ ಮಾಡಿದಾಗ ಅದರ ಸನ್ನೆಗೆ ಬಣ್ಣದ ಟೇಪ್ ತುಂಡು ಅಂಟಿಸಿ, ತೆರೆಯಲು ಮರೆತರೆ ಮುಂದಿನ ಶಾಟ್ ಖಾಲಿ ಹೋಗುತ್ತದೆ.

ಹಂತ 8: ಮರುಪರೀಕ್ಷೆ, ಮತ್ತು ತಂತ್ರಜ್ಞರಿಗೆ ಕೊಡುವಾಗ

ಸರಿಪಡಿಸಿದ ಮೇಲೆ ಟೇಪ್‌ಗಳನ್ನೆಲ್ಲ ತೆಗೆದು, ಹಂತ 6ರ ಫಿಲ್ಮ್ ಪರೀಕ್ಷೆಯನ್ನು ದೋಷ ಸಿಕ್ಕ ಜಾಗಕ್ಕೂ ಅದರ ಅಕ್ಕಪಕ್ಕಕ್ಕೂ ಮತ್ತೊಮ್ಮೆ ಮಾಡಿ. ಒಂದು ಕ್ಯಾಮೆರಾದಲ್ಲಿ ಎರಡು ಸೋರಿಕೆ ಇರುವುದು ಅಪರೂಪವೇನಲ್ಲ. ದೊಡ್ಡದು ಹೋದ ಮೇಲೆ ಸಣ್ಣದು ಕಾಣಿಸಿಕೊಳ್ಳುತ್ತದೆ.

ಶಟರ್ ಹೊಂದಾಣಿಕೆ, ಸವೆದ ಗೇಟ್‌ನ ಬಣ್ಣ, ಪ್ರಿಸಂ, ಬಾಗಿದ ಬಾಗಿಲು ಇವು ತಂತ್ರಜ್ಞರ ಕೆಲಸ. ಕ್ಯಾಮೆರಾ ಕಳಿಸುವಾಗ ಸ್ಕ್ಯಾನ್ ಮಾತ್ರ ಕಳಿಸದೆ ದೋಷವಿರುವ ನೆಗೆಟಿವ್‌ನ ಎರಡು ಮೂರು ಅಡಿಯನ್ನೂ ಜೊತೆಗಿಡಿ. ಶಾಟ್ ಸೇರುವ ಜಾಗದಿಂದ ಫಾಗ್‌ವರೆಗಿನ ಫ್ರೇಮ್ ಎಣಿಕೆ, ಕ್ಯಾಮೆರಾ ಎಷ್ಟು ಹೊತ್ತು ನಿಂತಿತ್ತು, ಸೂರ್ಯ ಯಾವ ಕಡೆ ಇದ್ದ, ಫಿಲ್ಮ್ ಯಾವುದು, ಯಾವ ಫ್ರೇಮ್ ವೇಗ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲಿನ ಹೊರಮೈಗೆ ಅಂಟಿಸಿ.